ಬೇರೆ ಔಷಧ ಏನೂ ಇಲ್ಲ ಎಂದಿದ್ದೆ

ಪ್ರತಿ ಆಷಾಢದಲ್ಲೂ ಒಂದು ಶುಕ್ರವಾರ ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಸಾವಿರ ಮೆಟ್ಟಿಲು, ಏಳುನೂರರ ಸುಮಾರಿಗೆ ನಂದಿ. ನಂದಿಯ ಮುಂದೆ ಕುಳಿತು ನೀರು ಕುಡಿದು ಉಳಿದದ್ದನ್ನು ನಿಧಾನವಾಗಿ ಮುಗಿಸುವುದು ನನ್ನ ಪದ್ಧತಿ. ಕಳೆದ ವರ್ಷ ನಂದಿಯ ತನಕವೂ ಹೋಗಲಾಗಲಿಲ್ಲ. ಇನ್ನೂರು ಮೆಟ್ಟಿಲು ದಾಟುವಷ್ಟರಲ್ಲಿ ಎದೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟುತ್ತಿರುವಂತಾಯಿತು. ಬದಿಯ ಕಲ್ಲಿನ ಮೇಲೆ ಕುಳಿತೆ. ಮೆಟ್ಟಿಲಿಗೊಂದರಂತೆ ಕುಂಕುಮದ ಬೊಟ್ಟಿಡುತ್ತಾ ಬರುತ್ತಿದ್ದ ಇಬ್ಬರು ಹುಡುಗಿಯರು, ಬಗ್ಗಿ ಎದ್ದು ಬಗ್ಗಿ ಎದ್ದು, ನನ್ನನ್ನು ದಾಟಿ ಮೇಲಕ್ಕೆ ಹೋದರು.

ವಯಸ್ಸು ನಲವತ್ತೆಂಟು. ಮುಟ್ಟು ನಿಲ್ಲುವ ಕಾಲ, ಹೀಗೆಲ್ಲ ಆಗುತ್ತದೆ ಎಂದು ನಾನೇ ತೀರ್ಪು ಕೊಟ್ಟುಕೊಂಡು ಇಳಿದು ಬಂದೆ. ಆ ತೀರ್ಪಿಗೆ ಸಾಕ್ಷಿಗಳೂ ಇದ್ದವು. ರಾತ್ರಿ ನಿದ್ದೆ ಇಲ್ಲ, ಮಳೆಗಾಲದಲ್ಲೂ ಫ್ಯಾನ್ ಬೇಕು, ದಿನಕ್ಕೆ ಮೂರು ನಾಲ್ಕು ಬಾರಿ ಶೌಚಕ್ಕೆ ಓಡಬೇಕು. ಎರಡು ತಿಂಗಳಲ್ಲಿ ಐದು ಕಿಲೋ ಇಳಿದಿದ್ದೆ. ಬೀದಿಯವರೆಲ್ಲ "ಏನು ಮಾಡುತ್ತಿದ್ದೀರಿ, ನಮಗೂ ಹೇಳಿ" ಎಂದು ಕೇಳುತ್ತಿದ್ದರು, ನಾನು ಬೀಗುತ್ತಿದ್ದೆ. ಎಚ್ಚರಿಸಿದ್ದು ಕೈ. ನಾನು ಪುಸ್ತಕಗಳ ಕರಡು ತಿದ್ದುವವಳು. ಮುದ್ರಣಾಲಯದ ಹುಡುಗ ಒಂದು ದಿನ ಹಾಳೆ ಹಿಡಿದು ಬಂದು, "ಮೇಡಂ, ಇಲ್ಲಿ ನೀವು ಹಾಕಿರುವುದು ದೀರ್ಘವೋ ಕೊಂಬೋ?" ಎಂದು ಕೇಳಿದ. ನೋಡಿದರೆ ನನಗೂ ಗೊತ್ತಾಗಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ನನ್ನ ಅಕ್ಷರ ನನಗೇ ತಿಳಿಯದಿದ್ದದ್ದು ಅದೇ ಮೊದಲು.

ನನಗೆ ಒಂಬತ್ತು ವರ್ಷದಿಂದ ಥೈರಾಯ್ಡ್ ಇದೆ. ಎಲ್ಲರಿಗೂ ಇರುವ ಗ್ರಂಥಿಯೇ, ಆದರೆ ಅದು ಕೆಟ್ಟುಹೋದವರು ಮಾತ್ರ "ಥೈರಾಯ್ಡ್ ಇದೆ" ಎನ್ನುವುದು ನಮ್ಮ ವಾಡಿಕೆ. ನನ್ನದು ಹಾಶಿಮೊಟೊ ಎಂಬ ಬಗೆ. ದೇಹದ ಕಾವಲುಗಾರರು ದೇಹದ ಗ್ರಂಥಿಯನ್ನೇ ಕಳ್ಳನೆಂದು ಬಗೆದು ಹೊಡೆಯುತ್ತಾರೆ, ಅದು ಸೊರಗುತ್ತದೆ, ಹಾರ್ಮೋನು ಸಾಲದಾಗುತ್ತದೆ. ಅದಕ್ಕೆ ಬೆಳಿಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ 75 ಮೈಕ್ರೊಗ್ರಾಂ ಲಿವೊಥೈರಾಕ್ಸಿನ್ ಎಂಬ ಹಾರ್ಮೋನು ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿಯ ಪರಿಮಳವನ್ನಷ್ಟೇ ಸವಿಯುವ ತಪಸ್ಸು. ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಟಿಎಸ್‌ಎಚ್ ಯಾವಾಗಲೂ ಎರಡು ಮೂರರ ನಡುವೆ, ಅಂದರೆ ಇರಬೇಕಾದಲ್ಲೇ.

ಈ ಬಾರಿ ಅದು 0.02 ಬಂದಿತ್ತು. ಥೈರಾಯ್ಡಿನ ಹಾರ್ಮೋನಾದ ಥೈರಾಕ್ಸಿನ್ನಿನ ಅಳತೆ, ಫ್ರೀ ಟಿ4, ಇರಬೇಕಾದದ್ದು 1.8ರ ಒಳಗೆ, ಇದ್ದದ್ದು 2.9. ಟಿಎಸ್‌ಎಚ್ ಎನ್ನುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕೊಡುವ ಕೂಗು. ಹಾರ್ಮೋನು ಕಡಿಮೆಯಾದರೆ ಕೂಗು ಜೋರಾಗುತ್ತದೆ, ಹೆಚ್ಚಾದರೆ ಪಿಟ್ಯುಟರಿ ಬಾಯಿ ಮುಚ್ಚುತ್ತದೆ. ನನ್ನದು ಬಾಯಿ ಮುಚ್ಚಿಕೊಂಡಿತ್ತು. ಒಂಬತ್ತು ವರ್ಷ ಕೊರತೆಯವಳಾಗಿದ್ದ ನಾನು ಇದ್ದಕ್ಕಿದ್ದಂತೆ ಹೆಚ್ಚಳದವಳಾಗಿದ್ದೆ.

ನಾವು ವಾಡಿಕೆಯಾಗಿ ಹೋಗುವ ಡಾಕ್ಟರು ಇಸಿಜಿ ಮಾಡಿಸಿದರು. ನಾಡಿ ನಿಮಿಷಕ್ಕೆ 112. ಆಮೇಲೆ, "ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದರು.

"ಏನೂ ಇಲ್ಲ" ಎಂದೆ.

ಅವರು 75ನ್ನು 50ಕ್ಕೆ ಇಳಿಸಿ, ಆರು ವಾರದ ನಂತರ ಬರಲು ಹೇಳಿದರು. ಅವರ ಕಡೆಯಿಂದ ಏನೂ ತಪ್ಪಿಲ್ಲ. ನಾನೂ ಸುಳ್ಳು ಹೇಳಿರಲಿಲ್ಲ, ಕನಿಷ್ಠ ನನ್ನ ನಿಘಂಟಿನ ಪ್ರಕಾರ.

ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಬಂದಿದ್ದ ನಾದಿನಿ ಎರಡು ಡಬ್ಬಿ ತಂದುಕೊಟ್ಟಿದ್ದಳು. ಒಂದರಲ್ಲಿ ಅಶ್ವಗಂಧದ ಕ್ಯಾಪ್ಸೂಲು, ಇನ್ನೊಂದರಲ್ಲಿ ಕೂದಲು ಉದುರುವುದಕ್ಕೆಂದು ಬಯೊಟಿನ್ ಮಾತ್ರೆ. "ಅತ್ತಿಗೆ, ಇದು ಬರೀ ಬೇರು. ಕೆಮಿಕಲ್ ಏನೂ ಇಲ್ಲ. ಆಯಾಸ ಹೋಗುತ್ತದೆ, ಥೈರಾಯ್ಡಿಗೂ ಒಳ್ಳೆಯದಂತೆ. ಆಮೇಲೆ ನಿಧಾನವಾಗಿ ನಿಮ್ಮ ಆ ಮಾತ್ರೆಯನ್ನೇ ಬಿಡಬಹುದು" ಎಂದಿದ್ದಳು. ಪ್ರೀತಿಯಿಂದ ಕೊಟ್ಟದ್ದು. ಕ್ಯಾಪ್ಸೂಲನ್ನು ಬೆಳಿಗ್ಗೆ ಒಂದು, ರಾತ್ರಿ ಹಾಲಿನೊಂದಿಗೆ ಒಂದು ತಪ್ಪದೆ ನುಂಗುತ್ತಿದ್ದೆ. ನನ್ನ ತಾಯಿಯ ಕಾಲದಲ್ಲಿ ಇದು ಸಂತೇಪೇಟೆಯ ಗ್ರಂಥಿಗೆ ಅಂಗಡಿಯಿಂದ ಕಾಗದದ ಪೊಟ್ಟಣದಲ್ಲಿ ಮನೆಗೆ ಬರುತ್ತಿದ್ದ ಬೇರು. (ಆ ಅಂಗಡಿಯ ಹೆಸರು ಮೂಲದಲ್ಲಿ ಗಂಧಿಗರ ಅಂಗಡಿ ಇದ್ದಿರಬೇಕು, ಜನರ ಬಾಯಲ್ಲಿ ಗ್ರಂಥಿಗೆ ಆಯಿತು ಎಂಬುದು ನನ್ನ ಗುಮಾನಿ. ಕೊನೆಗೆ ಅದು ನನ್ನ ಗ್ರಂಥಿಗೇ ಬಂದು ತಾಗಿದ್ದು ಬೇರೆ ಮಾತು.) ಬಾಣಂತಿಯರಿಗೆ ಲೇಹದಲ್ಲಿ, ಸೊರಗಿದ ಮಕ್ಕಳಿಗೆ ಹಾಲಿನಲ್ಲಿ ಕೊಡುತ್ತಿದ್ದರು. ಅಡುಗೆಮನೆಯ ಮೆಂತ್ಯ, ಜೀರಿಗೆಯ ಸಾಲಿನಲ್ಲಿ ನಿಂತಿದ್ದ ಪದಾರ್ಥ. ಡಾಕ್ಟರು "ಔಷಧ" ಎಂದಾಗ ಅದು ನನ್ನ ನೆನಪಿಗೆ ಬರುವುದಾದರೂ ಹೇಗೆ?

ಗೌರಿ ಹಬ್ಬದ ವಾರ ಎರಡನೆಯ ವರದಿ ಬಂತು. ಮಾತ್ರೆ ಕಡಿಮೆ ಮಾಡಿದ್ದರೂ ಟಿಎಸ್‌ಎಚ್ 0.01ಕ್ಕೆ ಇಳಿದಿತ್ತು, ಟಿ4 3.4ಕ್ಕೆ ಏರಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿ, ಹಾರ್ಮೋನು ತಜ್ಞೆಯೊಬ್ಬರಿಗೆ ಚೀಟಿ ಬರೆದುಕೊಟ್ಟರು.

ಆ ತಜ್ಞೆ ಔಷಧದ ಮಾತೇ ಎತ್ತಲಿಲ್ಲ. ಫೋನಿನಲ್ಲಿ ಸಮಯ ಕೊಡುವಾಗಲೇ ಅವರ ಸಹಾಯಕಿ ಹೇಳಿದ್ದಳು: "ಬರುವಾಗ ಮನೆಯಲ್ಲಿ ನೀವು ಬಾಯಿಗೆ ಹಾಕಿಕೊಳ್ಳುವ ಡಬ್ಬಿ, ಬಾಟಲಿ, ಪುಡಿ, ಕಷಾಯ ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿಕೊಂಡು ಬನ್ನಿ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ನೀವು ಆರಿಸಬೇಡಿ." ತರಕಾರಿ ಚೀಲ ಹಿಡಿದು ಅಡುಗೆಮನೆಯಲ್ಲಿ ನಿಂತೆ. ಒಂದೊಂದಾಗಿ ಹಾಕುತ್ತಾ ಹೋದಂತೆ ಚೀಲ ಭಾರವಾಯಿತು. ಕ್ಯಾಲ್ಸಿಯಂ, ಕೂದಲಿನ ಮಾತ್ರೆ, ಅಶ್ವಗಂಧ, ನುಗ್ಗೆ ಸೊಪ್ಪಿನ ಪುಡಿ, ಗ್ರೀನ್ ಟೀ, ಮೆಂತ್ಯದ ಪುಡಿ. ಪಕ್ಕದ ಮನೆಯವರು ಅಮೆರಿಕದಿಂದ ತಂದುಕೊಟ್ಟು, ನಾನಿನ್ನೂ ಒಡೆಯದೆ ಇಟ್ಟಿದ್ದ "ಥೈರಾಯ್ಡ್ ಸಪೋರ್ಟ್" ಎಂಬ ಬಾಟಲಿ. ನಮ್ಮವರು ಹಿಂದೆ ನಿಂತು ನೋಡುತ್ತಾ, "ಏನೂ ಇಲ್ಲ ಎಂದಿದ್ದೆಯಲ್ಲ?" ಎಂದರು.

ತಜ್ಞೆ ಮೇಜಿನ ಮೇಲೆ ಎಲ್ಲವನ್ನೂ ಸುರಿದು, ಕನ್ನಡಕ ಏರಿಸಿ, ಒಂದೊಂದರ ಹಿಂಬದಿಯನ್ನೂ ಓದಿದರು. ಕರಡು ತಿದ್ದುವವರ ಓದು ಅದು, ನೋಡಿದೊಡನೆ ನನಗೆ ಗೌರವ ಮೂಡಿತು, ನಾಚಿಕೆಯೂ ಆಯಿತು. ಪರರ ಪುಸ್ತಕದ ಅಡಿಟಿಪ್ಪಣಿಯ ಅಲ್ಪವಿರಾಮ ಹುಡುಕುವವಳು ನಾನು, ಐದು ತಿಂಗಳು ನುಂಗಿದ ಡಬ್ಬಿಯ ಹಿಂಬದಿ ಓದಿರಲಿಲ್ಲ.

ನುಗ್ಗೆ, ಮೆಂತ್ಯ, ಗ್ರೀನ್ ಟೀಗಳನ್ನು ಅಡುಗೆಯ ಪ್ರಮಾಣದಲ್ಲಿದ್ದರೆ ಚಿಂತೆಯಿಲ್ಲ ಎಂದು ಪಕ್ಕಕ್ಕಿಟ್ಟರು. ಕ್ಯಾಲ್ಸಿಯಂ ಬೇಕು, ಆದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ, ಇಲ್ಲವಾದರೆ ಅದು ಕರುಳಿನಲ್ಲೇ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದರು. ಅಮೆರಿಕದ ಬಾಟಲಿಯನ್ನು ಎರಡು ಬೆರಳಿನಲ್ಲಿ ಎತ್ತಿ, "ಇದನ್ನು ಒಡೆದಿಲ್ಲ ತಾನೇ?" ಎಂದು ಖಾತ್ರಿಪಡಿಸಿಕೊಂಡರು. ಅದರಲ್ಲಿ ಕಡಲಪಾಚಿ ಇತ್ತು. ಮನುಷ್ಯನಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ, ಕಡಲಪಾಚಿಯಲ್ಲಿ ಎಷ್ಟಿರುತ್ತದೆ ಎಂಬುದು ಪಾಚಿಯ ಮರ್ಜಿ. ಅದಕ್ಕಿಂತ ಕೆಟ್ಟದ್ದನ್ನು ಆಮೇಲೆ ಹೇಳಿದರು. ಅಮೆರಿಕದಲ್ಲಿ ಇಂಥ ಹತ್ತು ಉತ್ಪನ್ನಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಾಗ ಒಂಬತ್ತರಲ್ಲಿ ಥೈರಾಯ್ಡಿನ ಇನ್ನೊಂದು ಹಾರ್ಮೋನಾದ ಟಿ3, ಐದರಲ್ಲಿ ಟಿ4 ಸಿಕ್ಕಿತ್ತಂತೆ. ಗಿಡಮೂಲಿಕೆಯ ಹೆಸರಿನಲ್ಲಿ ಹಾರ್ಮೋನು ಮಾತ್ರೆ!

ಉಳಿದದ್ದು ನಾದಿನಿಯ ಎರಡು ಡಬ್ಬಿ. ತಜ್ಞೆ ಮೊದಲು ಕೂದಲಿನ ಮಾತ್ರೆ ಹಿಡಿದರು. ಒಂದು ಮಾತ್ರೆಯಲ್ಲಿ 10 ಮಿಲಿಗ್ರಾಂ ಬಯೊಟಿನ್. ದೇಹಕ್ಕೆ ದಿನಕ್ಕೆ ಬೇಕಾದದ್ದು 30-40 ಮೈಕ್ರೊಗ್ರಾಂ, ಅಂದರೆ ಇನ್ನೂರೈವತ್ತು ಪಟ್ಟಿನ ಮೇಲೆ. "ಇದು ನಿಮ್ಮ ಥೈರಾಯ್ಡನ್ನು ಕೆಡಿಸುವುದಿಲ್ಲ, ನಿಮ್ಮ ವರದಿಯನ್ನು ಕೆಡಿಸುತ್ತದೆ" ಎಂದರು. ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ಅನೇಕ ಲ್ಯಾಬುಗಳ ಯಂತ್ರಗಳಲ್ಲಿ ಟಿಎಸ್‌ಎಚ್ ಕಣಗಳನ್ನು ಹಿಡಿದು ಕೂರಿಸುವ ಸೀಟುಗಳು ಬಯೊಟಿನ್ ಕೊಕ್ಕೆಯವು. ರಕ್ತದಲ್ಲಿ ಮೊದಲೇ ಬಯೊಟಿನ್ ತುಂಬಿದ್ದರೆ ಅದು ಹಳ್ಳಿ ಬಸ್ಸಿನಲ್ಲಿ ಕಿಟಕಿಯಿಂದ ಕರವಸ್ತ್ರ ಎಸೆದವರಂತೆ ಸೀಟುಗಳನ್ನೆಲ್ಲ ಹಿಡಿದುಬಿಡುತ್ತದೆ. ಟಿಎಸ್‌ಎಚ್ ಕೆಳಗೆ ನಿಂತಿರುತ್ತದೆ. ಯಂತ್ರ ಕುಳಿತವರನ್ನಷ್ಟೇ ಎಣಿಸಿ "ಜನ ಕಡಿಮೆ" ಎಂದು ಬರೆಯುತ್ತದೆ. ಟಿ4 ಪರೀಕ್ಷೆಯ ಲೆಕ್ಕ ಇದಕ್ಕೆ ತಿರುಗುಮುರುಗು, ಅಲ್ಲಿ ಸುಳ್ಳು ಹೆಚ್ಚಳ ಕಾಣುತ್ತದೆ. ಎರಡೂ ಸೇರಿದರೆ ಕಾಗದದ ಮೇಲೆ ಥೈರಾಯ್ಡ್ ಉಕ್ಕುತ್ತಿರುವ ಚಿತ್ರವೇ ಮೂಡುತ್ತದೆ. ಈ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಕೆ ಹೊರಡಿಸಿತ್ತು.

"ಹಾಗಾದರೆ ನನಗೆ ಏನೂ ಆಗಿಲ್ಲವೇ?" ಎಂದು ಆಸೆಯಿಂದ ಕೇಳಿದೆ.

"ಕಾಗದಕ್ಕೆ ಕೈ ನಡುಗುವುದಿಲ್ಲವಲ್ಲ" ಎಂದು ನನ್ನ ಕೈ ನೋಡಿದರು.

ಎರಡೂ ಡಬ್ಬಿಗಳನ್ನು ಅಂದೇ ನಿಲ್ಲಿಸಲಾಯಿತು. ನಾಲ್ಕು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟೆ. ಟಿ4 3.4ರಿಂದ 2.3ಕ್ಕೆ ಇಳಿದಿತ್ತು. ಹೊಸದಾಗಿ ಸೇರದಿದ್ದರೂ ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು, ಮಾತ್ರೆ ನುಂಗುತ್ತಿರುವಾಗಲೇ ನಾಲ್ಕು ದಿನದಲ್ಲಿ ಇಷ್ಟು ಇಳಿದದ್ದರಲ್ಲಿ ಒಂದು ಪಾಲಾದರೂ ಬಯೊಟಿನ್ ಹೇಳಿದ್ದ ಸುಳ್ಳು ಎಂದರು. ಆದರೆ 2.3 ಕೂಡ ಹೆಚ್ಚೇ. ಟಿಎಸ್‌ಎಚ್ 0.04, ಅದೂ ಸರಿಯಲ್ಲ. ಥೈರಾಯ್ಡನ್ನು ಉಕ್ಕಿಸುವ ಗ್ರೇವ್ಸ್ ಎಂಬ ಇನ್ನೊಂದು ಕಾಯಿಲೆಯ ಪ್ರತಿಕಾಯಗಳನ್ನು ಹುಡುಕಿಸಿದರು, ಇರಲಿಲ್ಲ. ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿದರು, ಅಶ್ವಗಂಧ ತಿಂದು ಕಾಮಾಲೆ ಬಂದವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ ಎಂದು. ನನ್ನದು ಸರಿಯಿತ್ತು. ಎದೆಬಡಿತಕ್ಕೆ ಎರಡು ವಾರ ಪ್ರೊಪ್ರಾನೊಲಾಲ್ ಕೊಟ್ಟರು. ಅದನ್ನು ನುಂಗಿದ ಮೂರನೆಯ ದಿನ ನಾನು ಮೊದಲ ಬಾರಿ ಆರು ಗಂಟೆ ನಿದ್ದೆ ಮಾಡಿದೆ.

ಅಶ್ವಗಂಧದ ಡಬ್ಬಿಯನ್ನು ಆ ರಾತ್ರಿ ಮನೆಯಲ್ಲಿ ಭೂತಗನ್ನಡಿ ಹಿಡಿದು ಓದಿದೆ. ಒಂದು ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಸಾರ, ಅದರಲ್ಲಿ ಶೇ 5 ವಿಥನೊಲೈಡುಗಳು, ಅಂದರೆ ಈ ಗಿಡದ ಕೆಲಸ ಮಾಡುವ ರಾಸಾಯನಿಕಗಳು. ನಾದಿನಿ ಹೇಳಿದಂತೆ "ಬರೀ ಬೇರು" ಅಲ್ಲ. ಬೇರಿನ ಪುಡಿಯಲ್ಲಿ ಈ ವಿಥನೊಲೈಡು ಶೇ 1ಕ್ಕಿಂತ ಕಡಿಮೆ ಇರುತ್ತದೆ, ಹಿಂಡಿ ಬತ್ತಿಸಿದಾಗ ಶೇ 5 ಆಗುತ್ತದೆ. ಕಬ್ಬು ತಿನ್ನುವುದಕ್ಕೂ ಬೆಲ್ಲ ತಿನ್ನುವುದಕ್ಕೂ ಇರುವ ವ್ಯತ್ಯಾಸ. ಸಾರವನ್ನು ಗಿಡದ ಯಾವ ಭಾಗದಿಂದ ತೆಗೆದದ್ದು ಎಂಬುದು ಎಲ್ಲೂ ಇರಲಿಲ್ಲ. ಎಲೆಯಲ್ಲಿ ವಿಥಾಫೆರಿನ್-ಎ ಎಂಬ ವಿಥನೊಲೈಡು ಬೇರಿಗಿಂತ ಹೆಚ್ಚು, ಎಲೆಯನ್ನು ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಹೇಳಿದೆ. ಇನ್ನು, ಆಯುರ್ವೇದ ಔಷಧಕ್ಕೆ ಇರಬೇಕಾದ ತಯಾರಿಕಾ ಪರವಾನಗಿಯ ಸಂಖ್ಯೆಯ ಬದಲು ಡಬ್ಬಿಯ ಮೇಲಿದ್ದದ್ದು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳು, ಪಕ್ಕದಲ್ಲಿ ಬಿಸ್ಕತ್ತು ಪೊಟ್ಟಣದ ಮೇಲಿರುವಂಥದ್ದೇ ಹಸಿರು ಚುಕ್ಕಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು: "ನಾಟ್ ಫಾರ್ ಮೆಡಿಸಿನಲ್ ಯೂಸ್". ಪೂರಕ ಆಹಾರವಾಗಿ ಮಾರುವ ಎಲ್ಲದರ ಮೇಲೂ ಈ ಸಾಲು ಇರಲೇಬೇಕೆಂಬುದು ಕಾನೂನು. ಬೇರು ಒಂದೇ, ಒಂದು ಕಾನೂನಿನ ಬಾಗಿಲಿನಿಂದ ಹೊಕ್ಕರೆ ಔಷಧ, ಇನ್ನೊಂದರಿಂದ ಹೊಕ್ಕರೆ ಆಹಾರ. ಅಂದರೆ ನಾನು ಮೊದಲ ಡಾಕ್ಟರಿಗೆ ಹೇಳಿದ್ದು ಕಾನೂನಿನ ಪ್ರಕಾರವೂ ನಿಜವೇ!

ಮರುದಿನ ತಾಯಿಗೆ ಫೋನ್ ಮಾಡಿದೆ. ಅವಳಿಗೆ ಅಶ್ವಗಂಧ ಎಂದರೆ ಬೇಗ ಹೊಳೆಯಲಿಲ್ಲ. "ಓ, ಹಿರೇಮದ್ದಿನ ಬೇರಾ?" ಎಂದಳು. ಈ ಹೆಸರನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಹಿರಿದಾದ ಮದ್ದು. ಕನ್ನಡದಲ್ಲಿ ಮದ್ದು ಎಂದರೆ ಔಷಧ, ಕೋವಿಗೆ ತುಂಬುವುದೂ ಮದ್ದೇ, "ಅವಳಿಗೆ ಯಾರೋ ಮದ್ದು ಹಾಕಿದ್ದಾರೆ" ಎಂದರೆ ಮೂರನೆಯ ಅರ್ಥ. ಗಿಡಕ್ಕೆ ಈ ಹೆಸರಿಟ್ಟ ಹಿರಿಯರಿಗೆ ಅದು ಔಷಧವೆಂಬುದರಲ್ಲಿ ಅನುಮಾನವಿರಲಿಲ್ಲ. ಮೆಂತ್ಯ, ಜೀರಿಗೆಯ ಸಾಲಿಗೆ ತಂದು ನಿಲ್ಲಿಸಿದವಳು ನಾನು. "ಎಷ್ಟು ದಿನ ತಿಂದೆ?" ಎಂದು ತಾಯಿ ಕೇಳಿದಳು. ಐದು ತಿಂಗಳು ಎಂದೆ. "ಅಯ್ಯೋ, ನಾವು ಒಂದು ಮಂಡಲ ಕೊಟ್ಟು ನಿಲ್ಲಿಸುತ್ತಿದ್ದೆವಲ್ಲೇ!" ಎಂದಳು. ಮಂಡಲವೆಂದರೆ ನಲವತ್ತೆಂಟು ದಿನ.

ನಮ್ಮ ಬಡಾವಣೆಯಲ್ಲಿ ಒಬ್ಬ ಆಯುರ್ವೇದ ವೈದ್ಯರಿದ್ದಾರೆ. ಅವರು ಗಿಡದ ಪರ ನಿಲ್ಲುತ್ತಾರೆ, ಜಗಳವಾಡಬೇಕಾಗುತ್ತದೆ ಎಂದುಕೊಂಡೇ ಡಬ್ಬಿ ಹಿಡಿದು ಹೋದೆ. ಅವರು ತಜ್ಞೆಗಿಂತ ಹೆಚ್ಚು ಸಿಟ್ಟಾದರು. "ನಾನು ಕೊಡುವುದಾದರೆ ಬೇರಿನ ಚೂರ್ಣ. ಹಾಲಿನಲ್ಲೋ ತುಪ್ಪದಲ್ಲೋ, ನಿಮ್ಮ ಜೀರ್ಣಶಕ್ತಿ ನೋಡಿ, ಇಷ್ಟೇ ದಿನ ಎಂದು ಹೇಳಿ ಕೊಡುತ್ತೇನೆ. ನೀವು ಲಿವೊಥೈರಾಕ್ಸಿನ್ ತೆಗೆದುಕೊಳ್ಳುತ್ತೀರಿ ಎಂದು ಗೊತ್ತಾದರೆ ಕೊಡುವ ಮೊದಲು ರಕ್ತಪರೀಕ್ಷೆ ಕೇಳುತ್ತೇನೆ. ಇದನ್ನು ಯಾರು ಕೊಟ್ಟರು? ಕೊರಿಯರ್ ಹುಡುಗನಾ?" ಎಂದರು. ಫೀಸು ತೆಗೆದುಕೊಳ್ಳಲಿಲ್ಲ.

ಅಶ್ವಗಂಧ ಥೈರಾಯ್ಡನ್ನು ಚುರುಕುಗೊಳಿಸುತ್ತದೆ ಎಂಬುದು ಹೊಸ ವಿಷಯವೂ ಅಲ್ಲ, ಗುಟ್ಟೂ ಅಲ್ಲ. ಬೇರಿನ ಸಾರ ಇಲಿಗಳಲ್ಲಿ ಟಿ4 ಹೆಚ್ಚಿಸಿತು ಎಂದು ನಮ್ಮ ದೇಶದ ಸಂಶೋಧಕರೇ 1990ರ ದಶಕದ ಕೊನೆಯಲ್ಲಿ ಬರೆದಿದ್ದಾರೆ. 2018ರಲ್ಲಿ ಪ್ರಕಟವಾದ ಒಂದು ಭಾರತೀಯ ಪ್ರಯೋಗದಲ್ಲಿ ಟಿಎಸ್‌ಎಚ್ ಸ್ವಲ್ಪ ಏರಿದ್ದ 50 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 600 ಮಿಲಿಗ್ರಾಂ ಬೇರಿನ ಸಾರ ಕೊಟ್ಟರು. ಎಂಟು ವಾರದಲ್ಲಿ ಅವರ ಟಿಎಸ್‌ಎಚ್ ಇಳಿಯಿತು, ಟಿ3, ಟಿ4 ಏರಿದವು. ಅದನ್ನು ಒಳ್ಳೆಯ ಸುದ್ದಿಯಾಗಿಯೇ ಬರೆದಿದ್ದಾರೆ, ಅವರ ಮಟ್ಟಿಗೆ ಅದು ಒಳ್ಳೆಯದೇ. ಸಣ್ಣ ಪ್ರಯೋಗ, ಇರಲಿ. ಜಾಹೀರಾತಿನ "ಥೈರಾಯ್ಡಿಗೆ ಒಳ್ಳೆಯದು" ಎಂಬ ಮಾತು ಹುಟ್ಟುವುದು ಇಂಥ ಕಡೆ. ನಾನಾದರೋ ಕೊರತೆಯನ್ನು ಮಾತ್ರೆಯಿಂದ ಆಗಲೇ ತುಂಬಿಕೊಂಡಿದ್ದವಳು. ತುಂಬಿದ ಕೊಡದ ಮೇಲೆ ದಿನಕ್ಕೆ 1000 ಮಿಲಿಗ್ರಾಂ ಸುರಿಯುತ್ತಿದ್ದೆ. ಡೆನ್ಮಾರ್ಕ್ ದೇಶ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿತು, ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳ ಮೇಲಿನ ಪರಿಣಾಮವನ್ನು ಕಾರಣವಾಗಿ ಕೊಟ್ಟು. ನಿಷೇಧ ನನಗೆ ಅತಿಯೆನಿಸುತ್ತದೆ. ಆದರೆ ಡಬ್ಬಿಯ ಮೇಲೆ "ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ" ಎಂಬ ಒಂದು ಸಾಲು ಎದ್ದು ಕಾಣುವಂತೆ ಇದ್ದಿದ್ದರೆ, ಬೆನ್ನುಡಿಯನ್ನೂ ಬಿಡದೆ ಓದುವ ನಾನು ಬಹುಶಃ ನಿಲ್ಲುತ್ತಿದ್ದೆ.

ಮುಂದಿನದು ಕಾಯುವ ಕೆಲಸ. ದೀಪಾವಳಿಗೆ ಟಿಎಸ್‌ಎಚ್ 0.6. ಕೈ ನೆಟ್ಟಗಾಯಿತು, ಕೊಂಬು ಕೊಂಬಾಯಿತು. ಸಂಕ್ರಾಂತಿಗೆ 7.9! ಈಗ ಮತ್ತೆ ಕೊರತೆ, ಮಾತ್ರೆ ಇನ್ನೂ 50ರಲ್ಲೇ ಇತ್ತಲ್ಲ. ಇಳಿದಿದ್ದ ಐದು ಕಿಲೋದಲ್ಲಿ ನಾಲ್ಕು ಎಳ್ಳುಬೆಲ್ಲದೊಂದಿಗೆ ವಾಪಸಾದವು. ಬೀದಿಯವರು ಏನೂ ಕೇಳಲಿಲ್ಲ. ಮತ್ತೆ 75ಕ್ಕೆ ಏರಿಸಿದರು, ಯುಗಾದಿಗೆ 2.6.

"ಅಶ್ವಗಂಧವೇ ಕಾರಣ ಎಂದು ಖಚಿತವಾಗಿ ಹೇಳಬಹುದೇ?" ಎಂದು ತಜ್ಞೆಯನ್ನು ಕೇಳಿದೆ. ಮತ್ತೆ ಕೊಟ್ಟು ಮತ್ತೆ ಹಾಗೆಯೇ ಆದರೆ ಖಚಿತ, ಆ ಪ್ರಯೋಗವನ್ನು ನಿಮ್ಮ ಹೃದಯದ ಮೇಲೆ ನಾನು ಮಾಡುವುದಿಲ್ಲ ಎಂದರು. ನಡುವೆ ಮಾತ್ರೆಯ ಪ್ರಮಾಣವೂ ಬದಲಾಗಿದೆ, ಬಯೊಟಿನ್ ಲೆಕ್ಕ ಕೆಡಿಸಿದೆ, ಹಾಶಿಮೊಟೊ ಇರುವವರಲ್ಲಿ ಗ್ರಂಥಿ ತಾನಾಗಿಯೂ ಒಮ್ಮೊಮ್ಮೆ ಹಾರ್ಮೋನು ಸೋರಿಸುವುದುಂಟು. ದುಷ್ಪರಿಣಾಮಗಳನ್ನು ತೂಗುವ ಪದಗಳ ಏಣಿಯೊಂದಿದೆಯಂತೆ: ಖಚಿತ, ಸಂಭಾವ್ಯ, ಸಾಧ್ಯ, ಹೀಗೆ. ನನ್ನದನ್ನು ಅವರು "ಸಾಧ್ಯ"ದಲ್ಲಿ ಇಟ್ಟರು. "ಸಂಭಾವ್ಯ" ಬರೆಯಿರಿ ಎಂದು ನಾನು ಚೌಕಾಸಿ ಮಾಡಿದೆ, ಒಪ್ಪಲಿಲ್ಲ. ಪದಕ್ಕೆ ಇಷ್ಟು ಬಿಗಿಯಾಗಿ ಅಂಟಿಕೊಳ್ಳುವ ಲೇಖಕರನ್ನು ನಾನು ಕಡಿಮೆ ನೋಡಿದ್ದೇನೆ.

ಔಷಧಗಳ ದುಷ್ಪರಿಣಾಮವನ್ನು ರೋಗಿಗಳೇ ವರದಿ ಮಾಡಬಹುದು ಎಂಬುದು ನನಗೆ ಗೊತ್ತಾದದ್ದು ಆಗಲೇ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನೋಡಿಕೊಳ್ಳುವ ಕಾರ್ಯಕ್ರಮ ಅದು, ಶುಲ್ಕವಿಲ್ಲದ ಸಂಖ್ಯೆ 1800-180-3024. ಆಯುಷ್ ಔಷಧಗಳಿಗೆ ಇಂಥದ್ದೇ ಬೇರೆ ವ್ಯವಸ್ಥೆ 2018ರಿಂದ ಇದೆ. ಎರಡರಲ್ಲಿ ನನ್ನ ಡಬ್ಬಿ ಯಾವುದಕ್ಕೆ ಸೇರುತ್ತದೆ, ಅದು ಕಾಗದದ ಮೇಲೆ ಆಹಾರವಲ್ಲವೇ ಎಂಬ ಜಿಜ್ಞಾಸೆಯಲ್ಲಿ ಒಂದು ವಾರ ಕಳೆದೆ. ಕೊನೆಗೆ ತಜ್ಞೆ "ಮೊದಲು ಕಳಿಸಿ, ವಿಂಗಡಣೆ ಅವರ ಕೆಲಸ" ಎಂದರು. ನಮೂನೆಯಲ್ಲಿ ಹೆಸರಿನ ಮೊದಲಕ್ಷರಗಳಷ್ಟೇ ಸಾಕು. ಬ್ಯಾಚ್ ಸಂಖ್ಯೆ, ಆರಂಭಿಸಿದ ದಿನ, ನಿಲ್ಲಿಸಿದ ದಿನ ಬೇಕು. ನನ್ನ ಪುಣ್ಯ, ಡಬ್ಬಿ ಎಸೆದಿರಲಿಲ್ಲ.

ಅದರಲ್ಲಿ ಇನ್ನೂ ನಲವತ್ತೊಂದು ಕ್ಯಾಪ್ಸೂಲು ಉಳಿದಿದ್ದವು. ಯುಗಾದಿಗೆ ಬಂದಿದ್ದ ನಾದಿನಿ ಎಲ್ಲ ಕಥೆ ಕೇಳಿ, ಕಣ್ಣಲ್ಲಿ ನೀರು ತುಂಬಿಕೊಂಡು, ಆಮೇಲೆ ಹೋಳಿಗೆ ಮೆಲ್ಲುತ್ತಾ, "ಅತ್ತಿಗೆ, ಹಾಗಾದರೆ ಉಳಿದದ್ದನ್ನು ನನಗೆ ಕೊಡಿ. ನನಗೆ ಥೈರಾಯ್ಡ್ ಇಲ್ಲವಲ್ಲ" ಎಂದಳು.

"ಪರೀಕ್ಷೆ ಮಾಡಿಸಿದ್ದೀಯಾ?"

"ಇಲ್ಲ."

ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಳೆದುಕೊಂಡು ಲ್ಯಾಬಿಗೆ ಹೋದೆ. ಚೀಟಿ ಬರೆಯುವ ಹುಡುಗಿ ತಲೆಯೆತ್ತದೆ, "ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ ಮೇಡಂ?" ಎಂದು ಕೇಳಿದಳು. ನಾದಿನಿ "ಇಲ್ಲ" ಎಂದಳು. ನಾನು ಕೆಮ್ಮಿದೆ. ಅವಳು ನನ್ನ ಮುಖ ನೋಡಿ, ಕೈಚೀಲದ ಜಿಪ್ಪು ಎಳೆದು, ಒಂದೊಂದಾಗಿ ಹೊರತೆಗೆಯತೊಡಗಿದಳು. ಬರೆದುಕೊಳ್ಳುತ್ತಿದ್ದ ಹುಡುಗಿಗೆ ಗೆರೆ ಎಳೆದಿದ್ದ ಜಾಗ ಸಾಲದೆ ಹಾಳೆ ಮಗುಚಬೇಕಾಯಿತು.